ಇನ್ನೂರ ಮೂವತ್ತು ನೆಂಟರು

ಜೂನ್ 12, ಬುಧವಾರ

ಬೆಳಿಗ್ಗೆ ಹೆಡ್‌ಮಿಸ್ಟ್ರೆಸ್ ಜ್ಞಾನಸೌಂದರಿ ಮನೆಗೇ ಬಂದಿದ್ದರು. ಕಾಫಿ ಲೋಟ ಕೆಳಗಿಡುವ ಮೊದಲೇ ವಿಷಯಕ್ಕೆ ಬಂದರು.

"ಮಂಗೈಯಕ್ಕಾ, ಎಂಟನೇ ಕ್ಲಾಸ್ ಹುಡುಗೀರಿಗೆ ವಾರಕ್ಕೊಂದು ಪೀರಿಯಡ್ ನೀವು ತಗೋಬೇಕು. ಇಂಟರ್ನೆಟ್ಟಲ್ಲಿ ಹುಷಾರಾಗಿರೋದು ಹೇಗೆ ಅಂತ. ಮೇಲಿಂದ ಪುಸ್ತಕ ಬಂದಿದೆ, ಪಾಠ ಮಾಡೋರು ಬಂದಿಲ್ಲ."

"ನನಗೇನ್ ಗೊತ್ತು ಅದರಲ್ಲಿ?"

"ಟೆಲಿಫೋನಿನವರಲ್ವಾ ನೀವು!"

ಎತ್ತಿನ ಗಾಡಿ ಹೊಡೆದವನನ್ನು ಕರೆದು ವಿಮಾನ ಓಡಿಸು ಅಂದ ಹಾಗಾಯಿತು. ಆದರೂ ಒಳಗೊಳಗೆ ಖುಷಿಯಾಯಿತು, ಸುಳ್ಳು ಯಾಕೆ ಬರೆಯಲಿ. ಈ ಅರುಪ್ಪುಕೋಟೆಯ ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಮೂವತ್ತೊಂದು ವರ್ಷ ಕೂತವಳು ನಾನು. ಊರಿನ ಮದುವೆ, ಸಾವು, ಜಗಳ, ನೂಲಿನ ದರ ಎಲ್ಲವೂ ಈ ಎರಡು ಕಿವಿಗಳ ಮೂಲಕ ಹಾದುಹೋಗಿವೆ. ಒಂದು ಮಾತೂ ಆಚೆ ಬಿದ್ದಿಲ್ಲ. ಪಾಠ ಏನು ಮಹಾ? ಹುಡುಗಿಯರ ಕೈಗೆ ಫೋನ್ ಕೊಡಬೇಡಿ ಅಂದರೆ ಮುಗಿಯಿತು, ಅದಕ್ಕೆ ಪುಸ್ತಕ ಬೇರೆ ಕೇಡು.

ನಮ್ಮ ಕಯಲ್ ಅದೇ ತರಗತಿಯಲ್ಲಿದ್ದಾಳೆ. ನನ್ನ ತಮ್ಮನ ಮೊಮ್ಮಗಳು. ತಮ್ಮ ಹೋದಮೇಲೆ ಅವನ ಮಗ ತವಮಣಿ, ಸೊಸೆ ಸೆಲ್ವಿ ಮತ್ತು ಈ ಹುಡುಗಿ ಒಂದು ಮನೆಯಲ್ಲಿ, ಅದೇ ಅಂಗಳದ ಇನ್ನೊಂದು ಮನೆಯಲ್ಲಿ ನಾನೊಬ್ಬಳು. ಹೋದ ತಿಂಗಳು ಕಯಲ್ ದೊಡ್ಡವಳಾದಳು. ಅರಿಶಿನ ನೀರಿನ ಶಾಸ್ತ್ರವನ್ನು ಊರೇ ನೋಡಿತು. ಅವಳ ಸೋದರಮಾವ ಪಾಲ್‌ಪಾಂಡಿ ಶಿವಕಾಶಿಯಿಂದ ತಟ್ಟೆ ತಟ್ಟೆ ಉಡುಗೊರೆ ತಂದದ್ದಲ್ಲದೆ, ಬಸ್ ಸ್ಟ್ಯಾಂಡಿನ ತಿರುವಿನಲ್ಲಿ ಹದಿನೆಂಟು ಅಡಿಯ ಬ್ಯಾನರ್ ಕಟ್ಟಿಸಿದ. ಹುಡುಗಿಯ ಹೆಸರು, ತರಗತಿ, ಶಾಲೆ, ಹುಟ್ಟಿದ ದಿನ, ನಕ್ಷತ್ರ, ಅವಳಪ್ಪನ ಫೋನ್ ನಂಬರು, ಒಂದನ್ನೂ ಬಿಟ್ಟಿಲ್ಲ. ಅದರಲ್ಲಿರುವ ಫೋಟೋ ತೆಗೆದವಳು ನಾನು. ಹಸಿರು ದಾವಣಿ, ಜಡೆ ತುಂಬ ಮಲ್ಲಿಗೆ. ನೆಂಟರ ಗ್ರೂಪಿಗೂ ಅವತ್ತೇ ಕಳಿಸಿದೆ. ಇನ್ನೂರ ಮೂವತ್ತು ಜನ! ಮಧ್ಯಾಹ್ನದವರೆಗೆ ಹೃದಯಗಳು, ಮುಗಿದ ಕೈಗಳು ಬರುತ್ತಲೇ ಇದ್ದವು.

ಬ್ಯಾನರ್ ಇಳಿಸಿ ಎಂದು ಕಯಲ್ ಎರಡು ದಿನ ಅತ್ತಳು. ಆ ವಯಸ್ಸಿನಲ್ಲಿ ಎಲ್ಲರಿಗೂ ನಾಚಿಕೆ.

ಜೂನ್ 14, ಶುಕ್ರವಾರ

ಮೊದಲ ತರಗತಿ. ಮೂವತ್ತೆಂಟು ಹುಡುಗಿಯರು. ಪುಸ್ತಕದಲ್ಲಿದ್ದದ್ದನ್ನೆಲ್ಲ ಓದಿದೆ, ಹೆದರಿಸುವಷ್ಟು ಹೆದರಿಸಿದೆ. ಅಪರಿಚಿತರ ಜೊತೆ ಮಾತು ಬೇಡ, ಹೆಸರನ್ನೋ ಇಸವಿಯನ್ನೋ ಪಾಸ್‌ವರ್ಡ್ ಮಾಡಬೇಡಿ, ಇತ್ಯಾದಿ. ಎಲ್ಲರೂ ಗೊಂಬೆಗಳ ಹಾಗೆ ಕೂತಿದ್ದರು. ಕೊನೆಗೆ ಕನ್ನಡಕದ ಒಂದು ಹುಡುಗಿ ಎದ್ದಳು. ಸಫ್ರೀನ್ ಅಂತೆ, ಕಯಲ್‌ಳ ಗೆಳತಿ.

"ಫೋನ್ ಪಾಟಿ, ನಿಮ್ಮ ಫೋನಿಗೆ ಲಾಕ್ ಇದೆಯಾ?"

ಅಜ್ಜಿ, ಪಾಟಿ ಅನ್ನಿಸಿಕೊಳ್ಳುವ ವಯಸ್ಸೇನೋ ಹೌದು, ಅದಕ್ಕೆ 'ಫೋನ್' ಅಂತ ಬೇರೆ ಸೇರಿಸಿದ್ದಾರೆ! "ಇದೆ. ನಾಲ್ಕು ಅಂಕಿ. ಹೇಳಲ್ಲ" ಅಂದೆ.

"ಹೇಳ್ಬೇಡಿ. ನಾವೇ ಹೇಳ್ತೀವಿ."

ಆಮೇಲೆ ನಡೆದದ್ದನ್ನು ಹೇಗೆ ಬರೆಯಲಿ. ಒಬ್ಬಳು ಅಂದಳು, "ನಮ್ಮಮ್ಮನ ಫೋನಲ್ಲಿ ಪಾಟಿ ಸ್ಟೇಟಸ್ ಬರುತ್ತೆ. ಮೂರು ವರ್ಷದ ಹಿಂದೆ ಅರವತ್ತು ತುಂಬ್ತು ಅಂತ ಗುಡಿಯಲ್ಲಿ ಪೂಜೆ ಮಾಡ್ಸಿದ್ರು. ಹಾಗಿದ್ರೆ ಸಾವಿರದ ಒಂಬೈನೂರ ಅರವತ್ತೊಂದು." ಸಫ್ರೀನ್ ನನ್ನ ಫೋನಿನಲ್ಲಿ ಒತ್ತಿ ನೋಡಿದಳು, ತೆರೆಯಲಿಲ್ಲ. ಇನ್ನೊಬ್ಬಳು ನನ್ನ ಯಜಮಾನರು ತೀರಿಕೊಂಡ ಇಸವಿ ಹೇಳಿದಳು. ತೆರೆಯಲಿಲ್ಲ. ಸಫ್ರೀನ್ ಕಣ್ಣು ಮುಚ್ಚಿ ಯೋಚಿಸಿದಳು. "ಮೊನ್ನೆ ಮದುವೆ ದಿನ ಅಂತ ಕಪ್ಪು-ಬಿಳುಪು ಫೋಟೋ ಹಾಕಿದ್ರಲ್ಲ, ನಲವತ್ತು ವರ್ಷ ಆಯ್ತು ಅಂತ? ಎಂಬತ್ನಾಲ್ಕು!"

ಫೋನ್ ಬಾಯಿ ಬಿಟ್ಟಿತು.

ತರಗತಿಯಲ್ಲಿ ಚಪ್ಪಾಳೆಯೋ ಚಪ್ಪಾಳೆ. ನನಗೆ ಮೈಯೆಲ್ಲ ಉರಿಯಿತು, ಅದರ ಹಿಂದೆಯೇ ಬೆರಗು. ನಾನು ಯಾರಿಗೂ ಹೇಳದ ನನ್ನ ಬದುಕನ್ನು ಈ ಮಕ್ಕಳು ಐದು ನಿಮಿಷದಲ್ಲಿ ಓದಿ ಮುಗಿಸಿದರು. ಹೇಳಿಲ್ಲ ಅಂದುಕೊಂಡಿದ್ದೆ, ಅಷ್ಟೇ.

ಜೂನ್ 15, ಶನಿವಾರ

ಅಂಕಿ ಬದಲಾಯಿಸಿದೆ. ಎರಡು ಸಲ ಮರೆತು ಕಯಲ್‌ಳನ್ನು ಕರೆದೆ. "ಪಾಟಿ, ಅಂಕಿ ನನಗೆ ಹೇಳ್ಬೇಡಿ, ನಾನು ಆ ಕಡೆ ತಿರುಗ್ತೀನಿ" ಎಂದು ಗೋಡೆಗೆ ಮುಖ ಮಾಡಿ ನಿಂತಳು. ಹದಿಮೂರು ವರ್ಷದ ಹುಡುಗಿಯ ಈ ಶಿಸ್ತು ನಮ್ಮ ಎಕ್ಸ್‌ಚೇಂಜಿನ ಸೂಪರ್‌ವೈಸರಿಗೂ ಇರಲಿಲ್ಲ.

ಜೂನ್ 21, ಶುಕ್ರವಾರ

ಇವತ್ತು ಪುಸ್ತಕ ಮುಟ್ಟಲಿಲ್ಲ. ನನಗೆ ಗೊತ್ತಿರುವುದನ್ನೇ ಹೇಳಿದೆ, ಬೇರೆ ಊರಿಗೆ ನಾವೇ ಲೈನ್ ಜೋಡಿಸುತ್ತಿದ್ದ ಟ್ರಂಕ್‌ಕಾಲ್ ದಿನಗಳ ಕೆಲಸ. ಯಾರಾದರೂ ನಂಬರ್ ಕೇಳಿದರೆ ತಿರುಗಿ ಹೇಳಿ ಖಚಿತ ಮಾಡಿಕೊಳ್ಳಬೇಕು. ಧ್ವನಿಯ ಮೇಲೆ ಅನುಮಾನ ಬಂದರೆ ಲೈನ್ ಕಡಿದು, ನಮ್ಮಲ್ಲಿರುವ ನಂಬರಿಗೆ ನಾವೇ ಕರೆ ಮಾಡಿ ವಿಚಾರಿಸಬೇಕು. ಪ್ರತಿ ಕರೆಗೂ ಚೀಟಿ: ಯಾರು, ಯಾರಿಗೆ, ಎಷ್ಟು ಗಂಟೆಗೆ. ಕಿವಿಗೆ ಬಿದ್ದದ್ದು ಬಾಯಿಗೆ ಬರಕೂಡದು.

ಎಂಬತ್ತೆಂಟರಲ್ಲಿ ದೊಡ್ಡ ಮಗ್ಗದ ಯಜಮಾನರೊಬ್ಬರು ಬಂದು, ತಮ್ಮ ಸೊಸೆ ಯಾವ ಊರಿಗೆ ಮಾತಾಡಿದಳು ಅಂತ ಕೇಳಿದ ಕಥೆಯನ್ನೂ ಹೇಳಿದೆ. ಸೀರೆ ಕೊಡಿಸುತ್ತೇನೆ ಅಂದರು, ವರ್ಗ ಮಾಡಿಸುತ್ತೇನೆ ಅಂದರು. ನಾನು ಹೇಳಲಿಲ್ಲ.

"ಯಾಕೆ ಹೇಳ್ಲಿಲ್ಲ ಪಾಟಿ?"

"ಅವಳ ಮಾತು ಅವಳದ್ದು. ಇನ್ನೊಬ್ಬರಿಗೆ ದಾಟಿಸೋಕೆ ನಾನ್ಯಾರು?"

ಮಕ್ಕಳು ಉಸಿರು ಬಿಡದೆ ಕೇಳಿದರು. ಕಯಲ್ ಮಾತ್ರ ಮೂರನೇ ಬೆಂಚಿನಿಂದ ನನ್ನನ್ನೇ ಒಂದು ಥರ ನೋಡುತ್ತಿದ್ದಳು. ಪಾಟಿಯ ಬಗ್ಗೆ ಹೆಮ್ಮೆ ಇರಬೇಕು.

ಮಕ್ಕಳು ನನ್ನ ಮಾತನ್ನು ಅಲ್ಲೇ ತಮ್ಮ ಕಾಲಕ್ಕೆ ಹೊಲಿದುಕೊಂಡರು. ಗೆಳತಿಯ ಹೆಸರಿನಲ್ಲಿ ಸಂದೇಶ ಬಂದು ಅನುಮಾನವಾದರೆ ಅವಳ ಮನೆಗೇ ಫೋನ್ ಮಾಡುವುದು. ಕೆಟ್ಟ ಸಂದೇಶ ಬಂದರೆ ಅಳಿಸದೆ ಸ್ಕ್ರೀನ್‌ಶಾಟ್ ತೆಗೆದು ಗಂಟೆ ಬರೆದಿಡುವುದು. ಅದಕ್ಕೆ 'ಚೀಟಿ' ಅಂತ ಹೆಸರಿಟ್ಟರು. ಸತ್ತುಹೋಯಿತು ಅಂದುಕೊಂಡಿದ್ದ ನನ್ನ ಕೆಲಸ ಮೂವತ್ತೆಂಟು ಬಾಯಲ್ಲಿ ಬದುಕಿತು. ಬರುವಾಗ ದಾರಿಯುದ್ದಕ್ಕೂ ಕಣ್ಣು ಒದ್ದೆ, ಬಿಸಿಲಿಗೆ ಅಂತ ಸೆರಗಿನಲ್ಲಿ ಒರೆಸಿಕೊಂಡೆ.

ಜುಲೈ 3, ಬುಧವಾರ

ಅಂಗಳದಲ್ಲಿ ಇವತ್ತು ಆಗಬಾರದ್ದು ಆಯಿತು.

ಕಯಲ್‌ಳ ಫೋಟೋ, ಹೆಸರು, ಶಾಲೆ ಎಲ್ಲ ಹಾಕಿ ಯಾರೋ ಒಂದು ಸುಳ್ಳು ಖಾತೆ ತೆರೆದಿದ್ದಾರೆ. ಅವಳಂತೆಯೇ ನಟಿಸಿ ತರಗತಿಯ ಹುಡುಗಿಯರಿಗೆ, "ನಿನ್ನ ಹೊಸ ಬಟ್ಟೆಯ ಫೋಟೋ ಕಳ್ಸೇ" ಅಂತ ಕೇಳಿದ್ದಾರೆ. ಮುತ್ತರಸಿ ಅನ್ನುವ ಮಗು ಗೆಳತಿಯೇ ಅಂದುಕೊಂಡು ಒಂದು ಕಳಿಸಿದೆ. ಆಮೇಲೆ ಬೇರೆ ರೀತಿಯದು ಬೇಕಂತೆ. ಕೊಡದಿದ್ದರೆ ಮೊದಲನೆಯದನ್ನು ಹೇಗೆ ಹೇಗೋ ತಿದ್ದಿ ಊರಿಗೆಲ್ಲ ಹಂಚುತ್ತಾರಂತೆ. ಮಗು ಮೂರು ದಿನದಿಂದ ಊಟ ಬಿಟ್ಟಿದೆ. ಅವಳಮ್ಮ ನಮ್ಮ ಬಾಗಿಲಿಗೆ ಬಂದು ಕೂಗಾಡಿದಳು.

"ನಿಮ್ಮ ಮಗಳಿಗೆ ಬ್ಯಾನರ್ ಹಾಕಿಸ್ಕೊಂಡಿದ್ದು ಸಾಲ್ದಾ? ನನ್ನ ಮಗಳನ್ನೂ ಬೀದಿಗೆ ತರ್ಬೇಕಾ?"

"ಅದು ನಾನಲ್ಲ ಆಂಟಿ" ಅಂದಳು ಕಯಲ್. ಯಾರು ಕೇಳುತ್ತಾರೆ?

ಕಯಲ್ ಬಳಸುತ್ತಿದ್ದ ಸೆಲ್ವಿಯ ಫೋನನ್ನು ತವಮಣಿ ಕಸಿದು ಬೀರುವಿನಲ್ಲಿಟ್ಟು ಬೀಗ ಹಾಕಿದ. "ನಾಳೆಯಿಂದ ಸ್ಕೂಲ್ ಬೇಡ. ಭಾನುವಾರ ಪಾಲ್‌ಪಾಂಡಿ ಬರ್ತಾನೆ. ಶಿವಕಾಶಿಲಿ ಮಾವನ ಮನೇಲಿರ್ಲಿ. ಓದಿ ಕಿಸಿದಿದ್ದು ಸಾಕು."

ಮಾವನ ಮನೆ ಅಂದರೆ ನಮ್ಮಲ್ಲಿ ಏನು ಅಂತ ಹೇಳಬೇಕಾಗಿಲ್ಲ. ಪಾಲ್‌ಪಾಂಡಿಗೆ ಇನ್ನೂ ಮದುವೆಯಾಗಿಲ್ಲ. ಮೂರು ನಾಲ್ಕು ವರ್ಷ ಅಲ್ಲಿ ಪಾತ್ರೆ ತೊಳೆದರೆ, ಆಮೇಲೆ ಅದೇ ಅವಳ ಮನೆ. ಆದರೂ ನಾನು ಬಾಯಿ ತೆರೆಯಲಿಲ್ಲ. ಗಲಾಟೆ ತಣ್ಣಗಾಗುವವರೆಗೆ ಹುಡುಗಿ ದೂರ ಇರುವುದೇ ಒಳ್ಳೆಯದೇನೋ.

ಜುಲೈ 5, ಶುಕ್ರವಾರ

ಕಯಲ್ ಕೂರುತ್ತಿದ್ದ ಜಾಗ ಖಾಲಿ. ಮುತ್ತರಸಿ ತಲೆ ಬಗ್ಗಿಸಿ ಕೂತಿದ್ದಳು, ಅವಳ ಎರಡೂ ಪಕ್ಕ ಇಬ್ಬರು ಕಾವಲಿನವರ ಹಾಗೆ ಒತ್ತಿಕೊಂಡು ಕೂತಿದ್ದರು. ಯಾರೂ ಅವಳನ್ನು ಬೈದಿಲ್ಲ. ದೊಡ್ಡವರಾದ ನಾವೆಲ್ಲ ಬೈದಾಗಿದೆ.

ಸಫ್ರೀನ್ ಇನ್ನೂರು ಪುಟದ ನೋಟ್‌ಬುಕ್ ತಂದು ಮುಂದಿಟ್ಟಳು. ಹಾಳೆಯಲ್ಲಿ ಗೀಟು ಎಳೆದು ಖಾನೆ ಮಾಡಿದ್ದಾರೆ. ಯಾರಿಗೆ ಬಂತು, ಯಾವ ತಾರೀಖು, ಎಷ್ಟು ಗಂಟೆಗೆ, ಏನು ಕೇಳಿದರು. ಹನ್ನೊಂದು ಮಕ್ಕಳಿಗೆ ಬಂದಿದೆ, ಒಟ್ಟು ನಲವತ್ತಾರು ಚೀಟಿ. ಒಂದನ್ನೂ ಅಳಿಸಿಲ್ಲ, ಒಂದಕ್ಕೂ ಸಿಟ್ಟಿನ ಉತ್ತರ ಕೊಟ್ಟಿಲ್ಲ. ನಾಲ್ಕು ಜನ ಮಾತ್ರ ಉಪಾಯದಿಂದ ಒಂದು ಪ್ರಶ್ನೆ ಕೇಳಿದ್ದಾರೆ: "ಆರನೇ ಕ್ಲಾಸಲ್ಲಿ ನಾವು ಯಾರ ಊಟದ ಡಬ್ಬಿ ಕದ್ವಿ, ಹೇಳೇ?" ಆ ಕಡೆಯವನಿಗೆ ಗೊತ್ತಿಲ್ಲ. ನಾಲ್ಕು ಜನಕ್ಕೆ ನಾಲ್ಕು ಹೆಸರು ಹೇಳಿದ್ದಾನೆ. ಅಲ್ಲಿಗೆ ಅದು ಕಯಲ್ ಅಲ್ಲ ಅನ್ನುವುದು ಖಚಿತ.

ನಾನು ಆ ಪುಟಗಳನ್ನು ಮುಟ್ಟಿ ಮುಟ್ಟಿ ನೋಡಿದೆ. ಹದಿಮೂರು ವರ್ಷ! ನಾನು ಆ ವಯಸ್ಸಿನಲ್ಲಿ ಹಲ್ಲಿ ಕಂಡರೆ ಓಡುತ್ತಿದ್ದೆ.

"ಇಷ್ಟು ಧೈರ್ಯ ಎಲ್ಲಿಂದ ಬಂತ್ರೇ ನಿಮಗೆ?"

ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಸಫ್ರೀನ್ ಕೊನೆಯ ಪುಟ ತಿರುಗಿಸಿದಳು. ಸುಳ್ಳು ಖಾತೆಯ ಫೋಟೋವನ್ನು ದೊಡ್ಡದಾಗಿ ಪ್ರಿಂಟ್ ಮಾಡಿಸಿ ಅಂಟಿಸಿದ್ದಾರೆ.

"ಪಾಟಿ, ಇದು ಬ್ಯಾನರಿಂದ ತೆಗೆದಿದ್ದಲ್ಲ. ಬ್ಯಾನರಲ್ಲಿ ಹಿಂದೆ ತಾವರೆ ಹೂವು ಹಾಕಿದ್ದಾರೆ. ಇಲ್ಲಿ ಹಿಂದೆ ಹಗ್ಗ ಇದೆ, ಹಗ್ಗದ ಮೇಲೆ ನೀಲಿ ಸೀರೆ ಇದೆ."

ನನ್ನ ಸೀರೆ. ನನ್ನ ಹಗ್ಗ. ಹಗ್ಗ ಕಾಣುವ ಫೋಟೋ ಬ್ಯಾನರಿನವನ ಹತ್ತಿರವೂ ಇರಲಿಲ್ಲ, ನಾನೇ ಹಗ್ಗದ ಭಾಗ ತೆಗೆದು ಕೊಡು ಅಂತ ತವಮಣಿಯ ಕೈಯಲ್ಲಿ ಮಾಡಿಸಿ ಅವನಿಗೆ ಕಳಿಸಿದ್ದು. ಹಗ್ಗವಿರುವ ಫೋಟೋ ಹೋದದ್ದು ಒಂದೇ ಕಡೆಗೆ, ನೆಂಟರ ಗ್ರೂಪಿಗೆ. ಕಳಿಸಿದ್ದು ಒಬ್ಬಳೇ.

"ಮೊದಲೇ ಗೊತ್ತಿತ್ತಾ ನಿಮಗೆ?"

"ಕಯಲ್‌ಗೆ ಮೊದಲ ದಿನಾನೇ ಗೊತ್ತಾಯ್ತು ಪಾಟಿ" ಅಂದಳು ಸಫ್ರೀನ್. "ಯಾರಿಗೂ ಹೇಳ್ಬೇಡಿ ಅಂದ್ಲು. ನಿಮಗೆ ಬೇಜಾರಾಗುತ್ತೆ, ಪಾಠ ಮಾಡೋದು ಬಿಟ್ಬಿಡ್ತೀರಿ ಅಂತ."

ಜುಲೈ 6, ಶನಿವಾರ

ಗ್ರೂಪಿನ ಪಟ್ಟಿ ಹಿಡಿದು ಕೂತೆ. ಇನ್ನೂರ ಮೂವತ್ತರಲ್ಲಿ ನನಗೆ ಮುಖ ಗೊತ್ತಿರುವವರು ಅರವತ್ತೊಂದು ಜನ. ಉಳಿದವರು ಯಾರು?

ಅನ್ನ ಸೇರಲಿಲ್ಲ.

ಜುಲೈ 7, ಭಾನುವಾರ

ಪಾಲ್‌ಪಾಂಡಿ ಹತ್ತು ಗಂಟೆಗೆ ಕಾರು ತಂದ. ಸೆಲ್ವಿ ಅಳುತ್ತ ಬಟ್ಟೆ ಮಡಚುತ್ತಿದ್ದಳು. ಕಯಲ್ ಹೊಸ್ತಿಲಲ್ಲಿ ಚೀಲ ಹಿಡಿದು ನಿಂತಿದ್ದಳು, ಚೀಲದಲ್ಲಿ ಪಠ್ಯಪುಸ್ತಕಗಳನ್ನು ತುಂಬಿಕೊಂಡಿದ್ದಳು.

"ಆ ಚೀಲ ಕೆಳಗಿಡು" ಅಂದೆ.

"ಅತ್ತೆ, ನೀವು ಸುಮ್ನಿರಿ" ಅಂದ ತವಮಣಿ.

"ಮೂವತ್ತೊಂದು ವರ್ಷ ಸುಮ್ನಿದ್ದೆ ಕಣೋ, ಅದಕ್ಕೇ ಸಂಬಳ ಕೊಟ್ರು. ಇವತ್ತು ಕೇಳು. ಆ ಫೋಟೋ ಆಚೆ ಕೊಟ್ಟಿದ್ದು ನಾನು. ಹೆಸರು, ಸ್ಕೂಲು ಬೀದೀಲಿ ಬರೆಸಿದ್ದು ನಿನ್ನ ಭಾವಮೈದ. ನಂಬರ್ ಕೊಟ್ಟಿದ್ದು ನೀನು. ಇವಳು ಏನು ಕೊಟ್ಟಿದ್ದಾಳೆ? ಅದು ಹೇಳು."

ಪಾಲ್‌ಪಾಂಡಿಗೆ ರೋಷ ಬಂತು. "ದೊಡ್ಡಮ್ಮಾ, ಅಷ್ಟು ಪ್ರೀತಿಯಿಂದ ಹಾಕ್ಸಿದ ಬ್ಯಾನರು ಅದು! ಊರಲ್ಲಿ ಯಾರ ಸೋದರಮಾವ ಹದಿನೆಂಟು ಅಡಿ ಹಾಕ್ಸಿದ್ದಾನೆ, ತೋರ್ಸಿ?"

"ಪ್ರೀತಿ ಇಲ್ಲ ಅಂದ್ನೇನೋ? ನಾನೂ ಪ್ರೀತಿಯಿಂದಾನೇ ಕಳ್ಸಿದ್ದು. ತಪ್ಪು ಮಾಡಿದೋರನ್ನ ಶಿವಕಾಶಿಗೆ ಕಳ್ಸೋದಾದ್ರೆ ನನ್ನ ಕರ್ಕೊಂಡು ಹೋಗು. ಪಾತ್ರೆ ನಾನು ತೊಳೀತೀನಿ. ಬೀರುವಿನ ಬೀಗ ತೆಗಿ ತವಮಣಿ, ನನ್ನ ಫೋನೂ ಒಳಗಿಡು."

ಫೋನನ್ನು ಅವನ ಕೈಗೇ ಕೊಟ್ಟೆ. ಅವನು ಅದನ್ನು ಹಿಡಿದುಕೊಂಡು ನಿಂತ, ಎಲ್ಲಿಡಬೇಕೋ ಗೊತ್ತಾಗದೆ. ಅವನಪ್ಪ ಹೋದ ದಿನವೂ ಹೀಗೇ ನಿಂತಿದ್ದ.

ಆಗ ಕಯಲ್ ಮಾತಾಡಿದಳು. ದನಿ ಎತ್ತರಿಸಲಿಲ್ಲ.

"ಅಪ್ಪಾ, ಬ್ಯಾನರ್ ಇಳ್ಸಿ ಅಂದೆ. ನೀವು ನಕ್ರಿ. ಅವನು ನನ್ನ ಫೋಟೋ ಕದ್ದ, ನೀವು ನನ್ನ ಸ್ಕೂಲ್ ತಗೋತಿದ್ದೀರಿ. ಅವನೂ ನನ್ನ ಕೇಳ್ಲಿಲ್ಲ, ನೀವೂ ಕೇಳ್ಲಿಲ್ಲ."

ತವಮಣಿ ಗೋಡೆಗೆ ಒರಗಿ ಕೂತು ಮುಖ ಮುಚ್ಚಿಕೊಂಡು ಅತ್ತ. ಸೆಲ್ವಿ ಬಂದು ಚೀಲವನ್ನು ಮಗಳ ಕೈಯಿಂದ ತೆಗೆದುಕೊಂಡು ಒಳಗೆ ಹೋದಳು. ಪಾಲ್‌ಪಾಂಡಿ ಊಟಕ್ಕೂ ನಿಲ್ಲಲಿಲ್ಲ. ನನ್ನ ತಪ್ಪನ್ನು ಬಾಯಿಬಿಟ್ಟು ಹೇಳಲು ನನಗೆ ಎರಡು ದಿನ ಬೇಕಾಯಿತು. ಅದನ್ನು ನನ್ನ ಮೇಲೆ ಹೊರಿಸದೆ ಇಷ್ಟು ದಿನ ನುಂಗಿಕೊಂಡಿದ್ದ ಆ ಮಗುವಿನ ಮುಂದೆ ನಾನೆಷ್ಟರವಳು?

ಜುಲೈ 9, ಮಂಗಳವಾರ

ಜಿಲ್ಲಾ ಕೇಂದ್ರದ ಸೈಬರ್ ಪೊಲೀಸ್ ಠಾಣೆಗೆ ಹೋಗಿಬಂದೆವು. ನಾನು, ಹೆಡ್‌ಮಿಸ್ಟ್ರೆಸ್, ತವಮಣಿ, ಕಯಲ್, ಮುತ್ತರಸಿ ಮತ್ತು ಅವಳಮ್ಮ. ಬಸ್ಸಿನಲ್ಲಿ ಆಕೆ ಮೊದಲು ಮುಖ ತಿರುಗಿಸಿ ಕೂತಿದ್ದಳು. ಇಳಿಯುವ ಹೊತ್ತಿಗೆ ಕಯಲ್‌ಳ ಜಡೆಗೆ ಹೂ ಮುಡಿಸುತ್ತಿದ್ದಳು.

ಇನ್‌ಸ್ಪೆಕ್ಟರ್ ಮೂವತ್ತರ ಹೆಂಗಸು. ದೂರು ಕೇಳುತ್ತಿದ್ದವರು ನಡುವೆಯೇ ನೋಟ್‌ಬುಕ್ ತೆರೆದರು. ಒಂದೊಂದೇ ಪುಟ ತಿರುಗಿಸಿ, ಪಕ್ಕದ ಕೋಣೆಯಿಂದ ಇಬ್ಬರನ್ನು ಕರೆದು ತೋರಿಸಿದರು.

"ಯಾರು ಹೇಳ್ಕೊಟ್ರು ನಿಮಗೆ, ಹೀಗೆ ಬರೆದಿಡೋದು?"

"ಫೋನ್ ಪಾಟಿ" ಅಂದಳು ಕಯಲ್.

ಹೇಳಿಕೊಟ್ಟದ್ದು ಎರಡು ಸಾಲು. ಅದನ್ನು ಇಷ್ಟು ಮಾಡಿದ್ದು ಅವರು. ಹಾಗಂತ ಹೇಳಬೇಕೆಂದು ಬಾಯಿ ತೆರೆಯುವಷ್ಟರಲ್ಲಿ ಅವರು ಮುಂದಿನ ಪುಟಕ್ಕೆ ಹೋಗಿದ್ದರು.

ಮುತ್ತರಸಿಯ ಮುಂದೆ ಇನ್‌ಸ್ಪೆಕ್ಟರ್ ಮಂಡಿಯೂರಿ ಕೂತು ಹೇಳಿದರು, "ತಪ್ಪು ನಿನ್ನದಲ್ಲ ಕಂದಾ. ಇವತ್ತು ಊಟ ಮಾಡ್ಬೇಕು, ಆಯ್ತಾ?" ಮಗು ಅಲ್ಲೇ ಅವರ ಡಬ್ಬಿಯಿಂದ ಎರಡು ಇಡ್ಲಿ ತಿಂದಿತು.

ಕಯಲ್ ನಾಳೆಯಿಂದ ಶಾಲೆಗೆ ಹೋಗುತ್ತಾಳೆ. ತವಮಣಿಯೇ ಹೇಳಿದ.

ಜುಲೈ 26, ಶುಕ್ರವಾರ

ಸಿಕ್ಕಿದ. ಬೇರೆ ಜಿಲ್ಲೆಯವನು, ನಲವತ್ತು ದಾಟಿದವನು. ನಾಲ್ಕು ವರ್ಷದ ಹಿಂದೆ ನಮ್ಮವರ ಯಾವುದೋ ಗೃಹಪ್ರವೇಶಕ್ಕೆ ಶಾಮಿಯಾನ ಹಾಕಿದ್ದನಂತೆ, ಆಗ ಯಾರೋ ಗ್ರೂಪಿಗೆ ಸೇರಿಸಿದವರು ತೆಗೆಯುವುದನ್ನು ಮರೆತಿದ್ದರು. ನಾಲ್ಕು ವರ್ಷ ನಮ್ಮ ಮಕ್ಕಳ ಹುಟ್ಟುಹಬ್ಬ, ಪರೀಕ್ಷೆಯ ಅಂಕ, ದಾವಣಿ ಎಲ್ಲ ಅವನು ಸುಮ್ಮನೆ ಕೂತು ನೋಡಿದ್ದಾನೆ. ನಾವೇ ದಿನಾ ತೋರಿಸಿದ್ದೇವೆ. ಮುತ್ತರಸಿಯ ಫೋಟೋ ಎಲ್ಲಿಗೂ ಹೋಗಿಲ್ಲ ಎಂದು ಇನ್‌ಸ್ಪೆಕ್ಟರ್ ಹೇಳಿದರು.

ತರಗತಿಗೆ ಇವತ್ತು ತಾಯಂದಿರೂ ಬಂದಿದ್ದರು, ಬೆಂಚು ಸಾಲದೆ ನೆಲದ ಮೇಲೆ ಕೂತರು. ಪಾಠ ಮಾಡಿದ್ದು ಹುಡುಗಿಯರು. ನಾನು ಕಿಟಕಿಯ ಪಕ್ಕ ಕುರ್ಚಿ ಹಾಕಿಕೊಂಡು ಕೂತೆ. ಒಬ್ಬೊಬ್ಬಳೂ ಎದ್ದು ಅಮ್ಮಂದಿರ ಫೋನಿನ ಅಂಕಿ ಹೇಳುತ್ತಿದ್ದರೆ ಅವರ ಮುಖ ನೋಡಬೇಕಿತ್ತು. ಮುತ್ತರಸಿಯೂ ಎದ್ದು ನಿಂತಳು. "ಯಾರಾದ್ರೂ ಹೆದರಿಸಿದ್ರೆ ಅಮ್ಮಂಗೆ ಹೇಳ್ಬೇಕು" ಅಂದಳು. ಆಮೇಲೆ ತನ್ನ ಅಮ್ಮನ ಕಡೆ ತಿರುಗಿ, "ಹೇಳಿದ್ರೆ ನೀವು ಬೈಬಾರ್ದು" ಅಂದಳು. ಇಂಥ ಮಾತನ್ನು ನಾನು ಯಾವ ಪುಸ್ತಕದಲ್ಲೂ ಓದಿಲ್ಲ.

ಜುಲೈ 30, ಮಂಗಳವಾರ

ಎದುರುಮನೆಯ ಚೆಲ್ಲಮ್ಮ ತನ್ನ ಮೊಮ್ಮಗಳು ಸ್ನಾನಕ್ಕೆ ಹೊರಟ ಫೋಟೋ ಕಳಿಸಿದ್ದಾಳೆ. ಮಗುವಿಗೆ ಎರಡು ವರ್ಷ ಅಂತೆ, ಮುದ್ದಾಗಿದೆ ಅಂತೆ. ಫೋನ್ ಮಾಡಿ ಚೆನ್ನಾಗಿ ಚಳಿ ಬಿಡಿಸಿದೆ. ಇಷ್ಟು ವಯಸ್ಸಾದವರಿಗೆ ಇಷ್ಟೂ ತಿಳಿಯುವುದಿಲ್ಲವೇ! ಈ ಊರಿನ ಮುದುಕಿಯರನ್ನು ದೇವರೇ ಕಾಪಾಡಬೇಕು.

ಆಗಸ್ಟ್ 3, ಶನಿವಾರ

ಆಡಿ ತಿಂಗಳ ಹದಿನೆಂಟು, ಕಲಸನ್ನ ಉಣ್ಣುವ ಹಬ್ಬ. ಸೆಲ್ವಿ ಪುಳಿಯೋಗರೆ, ಕಾಯನ್ನ, ಮೊಸರನ್ನ ಕಲಸಿದಳು. ಎಲ್ಲರೂ ತಾರಸಿಯ ಮೇಲೆ ನೀರಿನ ಟ್ಯಾಂಕಿನ ನೆರಳಿನಲ್ಲಿ ಕೂತು ಉಂಡೆವು. ಸಫ್ರೀನ್ ಬಂದಿದ್ದಳು, ಮುತ್ತರಸಿ ಬಂದಿದ್ದಳು. ಏನೋ ಮಾತಿಗೆ ಕಯಲ್ ತಲೆ ಹಿಂದಕ್ಕೆ ಹಾಕಿ ನಕ್ಕಳು. ಗಾಳಿಗೆ ಕೂದಲು ಮುಖದ ಮೇಲೆಲ್ಲ ಹಾರಾಡುತ್ತಿತ್ತು, ಬೆರಳಿನ ತುದಿಯಲ್ಲಿ ಅರಿಶಿನದ ಅನ್ನ. ಎರಡು ತಿಂಗಳಾಗಿತ್ತು ಅವಳು ಹಾಗೆ ನಕ್ಕು.

ನನ್ನ ಕೈ ತಾನಾಗಿಯೇ ಫೋನಿಗೆ ಹೋಯಿತು. ಎತ್ತಿದೆ. ಅವಳು ನನ್ನನ್ನು ನೋಡಿದಳು.

"ಕಯಲ್, ಒಂದು ಫೋಟೋ ತೆಗೀಲೇನಮ್ಮಾ?"

ಅವಳು ಬಾಯಲ್ಲಿದ್ದ ತುತ್ತನ್ನು ನಿಧಾನವಾಗಿ ಅಗಿಯುತ್ತ ನಿಜವಾಗಿಯೂ ಯೋಚಿಸಿದಳು. ಹುಟ್ಟಿದಾಗಿನಿಂದ ಯಾರೂ ಅವಳನ್ನು ಈ ಪ್ರಶ್ನೆ ಕೇಳಿರಲಿಲ್ಲ.

"ಬೇಡ ಪಾಟಿ."

"ಸರಿ" ಅಂದೆ.

ಫೋನನ್ನು ಮಗುಚಿ ನೆಲದ ಮೇಲಿಟ್ಟೆ. ಪಕ್ಕದಲ್ಲಿ ತವಮಣಿಯೂ ತನ್ನದನ್ನು ಎತ್ತಿ ಹಿಡಿದಿದ್ದ. ಇಳಿಸಿ ಜೇಬಿಗೆ ಹಾಕಿಕೊಂಡ. ಕಯಲ್ ಇನ್ನೊಂದು ಹಿಡಿ ಪುಳಿಯೋಗರೆ ಬಡಿಸಿಕೊಂಡಳು.